ಬದು ಚೊಕ್ಕ ಮಾಡಿದ ಮೇಲೆ ಅಲಸಂದೆಗೆ ಹೇನು ಜಾಸ್ತಿಯಾಯಿತು. ಎರಡಕ್ಕೂ ಸಂಬಂಧ ಇದೆಯಾ?

ಅರ್ಧಎಕರೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಬೈಬೇಡಿ.

ನನ್ನದು ಸಣ್ಣ ಜಮೀನು. ಬದುವಿನ ಮೇಲೆ ಹುಲ್ಲು, ಪೊದೆ, ಹೆಸರೇ ಗೊತ್ತಿಲ್ಲದ ಒಂದು ಹಳದಿ ಹೂವಿನ ಗಿಡ, ಎಲ್ಲ ತಾವಾಗಿ ಬೆಳೆದಿದ್ದವು. ನೋಡಿದವರೆಲ್ಲ "ಜಮೀನು ಪಾಳು ಬಿಟ್ಟಿದ್ದೀಯಾ?" ಅಂತ ಕೇಳುತ್ತಿದ್ದರು. ಕೇಳಿ ಕೇಳಿ ನಾಚಿಕೆಯಾಗಿ, ಎರಡು ವರ್ಷದ ಹಿಂದೆ ಕಳೆನಾಶಕ ಹೊಡೆದು ಬದುವನ್ನು ಚೊಕ್ಕ ಮಾಡಿದೆ. ಆಮೇಲೂ ಚಿಗುರಿದಾಗೆಲ್ಲ ಹೊಡೆಯುತ್ತಲೇ ಇದ್ದೇನೆ.

ಈ ಸಲ ಅಲಸಂದೆಗೆ ಕಪ್ಪು ಹೇನು ಎಷ್ಟು ಬಂದಿದೆ ಅಂದರೆ ಕುಡಿಯೇ ಕಾಣುತ್ತಿಲ್ಲ. ಔಷಧಿ ಹೊಡೆದೆ. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ. ಹಿಂದೆಯೂ ಹೇನು ಬರುತ್ತಿತ್ತು. ಒಂದೆರಡು ಸಾಲಿಗೆ ಹತ್ತಿ, ತಾನಾಗಿ ಹೋಗುತ್ತಿತ್ತು. ಜೊತೆಗೆ ಈಗ ಕುಡಿಯ ಹತ್ತಿರ ಇನ್ನೊಂದು ಹುಳು ಓಡಾಡುತ್ತಿದೆ. ಕಪ್ಪಗೆ, ಉದ್ದಕ್ಕೆ, ಬೆನ್ನ ಮೇಲೆ ಕಿತ್ತಳೆ ಚುಕ್ಕಿ. ಅದನ್ನೂ ಸಿಕ್ಕಿದಲ್ಲೆಲ್ಲ ಹೊಸಕಿ ಹಾಕುತ್ತಿದ್ದೇನೆ.

ಜೀವವೈವಿಧ್ಯ ಬೇಕು, ಮಣ್ಣು ಮತ್ತೆ ಜೀವ ಹಿಡಿಯುವ ಹಾಗೆ ಬೇಸಾಯ ಮಾಡಬೇಕು ಅಂತ ಎಲ್ಲ ಕಡೆ ಓದುತ್ತೇನೆ. ಕೇಳುವುದಕ್ಕೆ ಚೆನ್ನಾಗಿದೆ. ಅದು ನನ್ನ ಅಲಸಂದೆಗೆ ಏನು ಮಾಡುತ್ತದೆ ಅನ್ನುವುದು ಪ್ರಶ್ನೆ.

ಕಳೆಶತ್ರು
ಸಂಬಂಧ ಇಲ್ಲ. ಹೇನು ಅಂದರೆ ಹವೆಯ ಆಟ. ಬದು ಚೊಕ್ಕ ಇಟ್ಟಿದ್ದು ಸರಿಯಾಗೇ ಇದೆ. ಹಿಟ್ಟು ತಿಗಣೆ, ಬಿಳಿ ನೊಣ, ವೈರಸ್ ರೋಗ, ಎಲ್ಲ ಅಡಗಿ ಕೂರುವುದು ಕಳೆಯಲ್ಲೇ ಅಲ್ವಾ?

ಮಣ್ಣುಮುಟ್ಟಿ
ಯೂರಿಯಾ ಎಷ್ಟು ಕೊಟ್ಟಿರಿ? ಸಾರಜನಕ ಜಾಸ್ತಿಯಾದರೆ ಕುಡಿ ಮೆತ್ತಗಾಗುತ್ತದೆ, ಹೇನಿಗೆ ಅದೇ ಬೇಕು.

ಅರ್ಧಎಕರೆ
ಶುರುವಿನಲ್ಲಿ ಒಂದೇ ಸಲ, ಅದೂ ಸ್ವಲ್ಪ.

ಜೇಡರಬಲೆ
ಸಂಬಂಧ ಖಂಡಿತ ಇದೆ. ಲೆಕ್ಕ ಹಾಕಿ ನೋಡಿ.

ಹೆಣ್ಣು ಹೇನಿಗೆ ಗಂಡಿನ ಹಂಗಿಲ್ಲ. ಮೊಟ್ಟೆಯಿಡದೆ ನೇರ ಮರಿ ಹಾಕುತ್ತದೆ. ಆ ಮರಿ ಹುಟ್ಟುವಾಗಲೇ ಅದರ ಹೊಟ್ಟೆಯಲ್ಲಿ ಮುಂದಿನ ಮರಿ ಬೆಳೆಯಲು ಶುರುವಾಗಿರುತ್ತದೆ. ಬೆಚ್ಚಗಿನ ದಿನಗಳಲ್ಲಿ ವಾರ, ಹತ್ತು ದಿನಕ್ಕೆ ಹೊಸ ತಲೆಮಾರು ರೆಡಿ. ಇದನ್ನು ಹಿಡಿತದಲ್ಲಿ ಇಡುವವರು ಮುಖ್ಯವಾಗಿ ಮೂರು ಪಂಗಡ: ಗುಲಗಂಜಿ ಹುಳು, ಸಿರ್ಫಿಡ್ ಅನ್ನುವ ಹೂನೊಣದ ಮರಿ, ಮತ್ತೆ ಎಳ್ಳುಕಾಳಿಗಿಂತ ಚಿಕ್ಕದಾದ ಪರಾವಲಂಬಿ ಕಣಜ. ಇವು ಯಾವುವೂ ಹೇನಿನಷ್ಟು ಬೇಗ ಹೆಚ್ಚುವುದಿಲ್ಲ. ಹಾಗಾಗಿ ಹೇನು ಬಂದ ಮೇಲೆ ಇವು ಬಂದರೆ ತಡವಾಯಿತು. ಮೊದಲೇ ಅಲ್ಲಿ ಇರಬೇಕು.

ಮೊದಲೇ ಇರಬೇಕು ಅಂದರೆ ಹೊಲದಲ್ಲಿ ಹೇನು ಇಲ್ಲದ ತಿಂಗಳುಗಳಲ್ಲಿ ಅವು ಏನು ತಿನ್ನಬೇಕು? ಸಿರ್ಫಿಡ್ ನೊಣ ದೊಡ್ಡದಾದ ಮೇಲೆ ಹೇನು ತಿನ್ನುವುದೇ ಇಲ್ಲ. ಅದಕ್ಕೆ ಬೇಕಾದ್ದು ಹೂವಿನ ಮಕರಂದ, ಪರಾಗ. ಅದು ಸಿಗದಿದ್ದರೆ ಮೊಟ್ಟೆ ಕಟ್ಟುವುದಿಲ್ಲ. ಕಣಜಕ್ಕೂ ಮಕರಂದ ಬೇಕು. ಗುಲಗಂಜಿಗೆ ಬದುವಿನ ಹುಲ್ಲಿನ ಮೇಲಿನ ಬೇರೆ ಜಾತಿಯ ಹೇನು ಸಾಕು, ಅದು ನಿಮ್ಮ ಅಲಸಂದೆಗೆ ಬರುವುದೂ ಇಲ್ಲ. ಈ ಮೂವರ ಊಟ, ಮನೆ ಎರಡೂ ನಿಮ್ಮ ಬದುವಿನಲ್ಲೇ ಇತ್ತು. ನೀವು ಎರಡು ವರ್ಷ ಅದನ್ನು ಮುಚ್ಚಿಬಿಟ್ಟಿರಿ.

ಔಷಧಿ ಹೊಡೆದು ಹತ್ತು ದಿನಕ್ಕೆ ಜಾಸ್ತಿಯಾಯಿತು ಅಂದಿರಲ್ಲ, ಅದೂ ಇದೇ ಕತೆ. ಔಷಧಿ ಹೇನನ್ನೂ ಕೊಲ್ಲುತ್ತದೆ, ಅದನ್ನು ತಿನ್ನುವವರನ್ನೂ ಕೊಲ್ಲುತ್ತದೆ. ಬದುಕಿ ಉಳಿದ ನಾಲ್ಕು ಹೇನಿಗೆ ಈಗ ಹೊಲ ಪೂರ್ತಿ ಖಾಲಿ, ಕೇಳುವವರಿಲ್ಲ.

ಒಂದು ಕೆಲಸ ಮಾಡಿ. ಎಲೆ ತಿರುಗಿಸಿ ನೋಡಿ. ಹೇನಿನ ಗುಂಪಿನ ಮಧ್ಯೆ ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಒಣ ಕಾಗದದ ಹಾಗೆ ಆದ ಹೇನು ಇದ್ದರೆ, ಅದರ ಬೆನ್ನಲ್ಲಿ ದುಂಡಗೆ ಸಣ್ಣ ತೂತು ಇದ್ದರೆ, ಕಣಜ ಇನ್ನೂ ಇದೆ ಅಂತ ಅರ್ಥ.

ಹೊಸಬ
ತೂತು ಯಾಕೆ?

ಜೇಡರಬಲೆ
ಕಣಜ ಹೇನಿನ ಒಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿಂದ ತಿಂದು ಬೆಳೆದು, ಕಣಜವಾಗಿ ಕೊರೆದುಕೊಂಡು ಹೊರಗೆ ಬರುತ್ತದೆ.

ಹೊಸಬ
ಅಯ್ಯೋ. ಕೇಳಬಾರದಿತ್ತು.

ಕಳೆಶತ್ರು
ಮೂರು ಹುಳ ಸಾಕಲು ಬದು ಪೂರ್ತಿ ಕಾಡು ಮಾಡಬೇಕಾ? ಔಷಧಿ ಸರಿಯಾದ ಸಮಯಕ್ಕೆ, ಸರಿಯಾದ ಪ್ರಮಾಣದಲ್ಲಿ ಹೊಡೆದರೆ ಮತ್ತೆ ಬರುವುದಿಲ್ಲ. ಹೊಡೆಯಲು ಬರದಿದ್ದರೆ ಔಷಧಿಯ ತಪ್ಪಾ?

ಜೇಡರಬಲೆ
ಒಂದು ದೇಶವೇ ಹಾಗೆ ಅಂದುಕೊಂಡು ಕೆಟ್ಟಿದೆ ಸರ್. ಇಂಡೊನೇಷ್ಯಾದಲ್ಲಿ 1970ರ ದಶಕದಲ್ಲಿ ಭತ್ತಕ್ಕೆ ಕಂದು ಜಿಗಿಹುಳು ಬಿತ್ತು. ಸರ್ಕಾರವೇ ಸಬ್ಸಿಡಿ ಕೊಟ್ಟು ಔಷಧಿ ಹೊಡೆಸಿತು. ಹೊಡೆದಷ್ಟೂ ಹೆಚ್ಚಾಯಿತು. ಜಿಗಿಹುಳು ಮೊಟ್ಟೆ ಇಡುವುದು ಭತ್ತದ ದಂಟಿನ ಒಳಗೆ, ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟುತ್ತಿದ್ದದ್ದು ಅದನ್ನು ತಿನ್ನುವ ಜೇಡಗಳಿಗೆ. ಕೊನೆಗೆ 1986ರಲ್ಲಿ ಭತ್ತಕ್ಕೆ ಹೊಡೆಯುತ್ತಿದ್ದ 57 ಬಗೆಯ ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿದರು. ನಂತರದ ವರ್ಷಗಳಲ್ಲಿ ಸಬ್ಸಿಡಿಯನ್ನೂ ತೆಗೆದರು. ಭತ್ತದ ಇಳುವರಿ ಬೀಳಲಿಲ್ಲ.

ಲೆಕ್ಕದವ
ಹುಳದ ಕತೆ ಒಪ್ಪಿದೆ. ಆದರೆ "ವೈವಿಧ್ಯ ಇದ್ದಷ್ಟೂ ಒಳ್ಳೆಯದು" ಅನ್ನುವುದನ್ನು ಒಪ್ಪುವುದಿಲ್ಲ. ಜಗತ್ತಿನ ಹೊಟ್ಟೆ ತುಂಬುತ್ತಿರುವುದು ಏಕಬೆಳೆಯೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ವರದಿ ನೋಡಿ. ಮನುಷ್ಯ ಆಹಾರಕ್ಕೆ ಬೆಳೆದಿರುವ ಸಸ್ಯ ಜಾತಿ ಸುಮಾರು 6000. ಅದರಲ್ಲಿ ಬರೀ ಒಂಬತ್ತರಿಂದ ಒಟ್ಟು ಬೆಳೆಯ ಶೇ. 66ರಷ್ಟು ಬರುತ್ತಿದೆ. ಒಂದೇ ಬೆಳೆ, ಒಂದೇ ಎತ್ತರ, ಒಂದೇ ದಿನ ಕಟಾವು. ಯಂತ್ರ ಹೋಗಬೇಕಾದರೆ ಹಾಗೇ ಇರಬೇಕು. ಹತ್ತು ಬೆಳೆ ಕಲಸಿ ಹಾಕಿ ಯಾರು ಕೊಯ್ಯುತ್ತಾರೆ?

ಬೀಜದಬುಟ್ಟಿ
ನೀವು ಹೆಮ್ಮೆಯಿಂದ ಹೇಳಿದ ಅಂಕಿ ನನಗೆ ಭಯ ಹುಟ್ಟಿಸುತ್ತದೆ.

1970ರಲ್ಲಿ ಅಮೆರಿಕದ ಮೆಕ್ಕೆಜೋಳಕ್ಕೆ ಎಲೆ ಅಂಗಮಾರಿ ಬಂತು. ಹೈಬ್ರಿಡ್ ಬೀಜ ಮಾಡುವುದು ಸುಲಭವಾಗಲಿ ಅಂತ ಹೆಚ್ಚುಕಡಿಮೆ ಎಲ್ಲರೂ ಒಂದೇ ತಾಯಿ ಮೂಲವನ್ನು ಬಳಸಿದ್ದರು. ಆ ಮೂಲದಲ್ಲಿ ಈ ಶಿಲೀಂಧ್ರಕ್ಕೆ ಒಂದು ಬಾಗಿಲು ತೆರೆದಿತ್ತು. ಹೊರಗೆ ತಳಿಯ ಹೆಸರು ನೂರಾರು, ಒಳಗೆ ಎಲ್ಲ ಒಂದೇ. ಒಂದೇ ಹಂಗಾಮಿನಲ್ಲಿ ದೇಶದ ಬೆಳೆಯಲ್ಲಿ ಸುಮಾರು ಶೇ. 15 ಹೋಯಿತು.

ಅದೇ ಕಾಲದ ಇನ್ನೊಂದು ಕತೆ. ಏಷ್ಯಾದ ಭತ್ತಕ್ಕೆ ಗಿಡವನ್ನು ಕುಳ್ಳಾಗಿಸುವ ಒಂದು ವೈರಸ್ ಬಂದಿತ್ತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮಲ್ಲಿದ್ದ 6000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ರೋಗ ತಡೆದದ್ದು ಒಂದೇ ಒಂದು. ಅದೂ ಬೆಳೆಯುವ ತಳಿ ಅಲ್ಲ. ಉತ್ತರ ಪ್ರದೇಶದಲ್ಲಿ ತಾನಾಗಿ ಬೆಳೆದಿದ್ದ, ಒರೈಜಾ ನಿವಾರಾ ಅನ್ನುವ ಕಾಡು ಭತ್ತ. ಅದರ ಗುಣ ತುಂಬಿದ ಐಆರ್ 36 ಮುಂದೆ ಲಕ್ಷಾಂತರ ಎಕರೆಯಲ್ಲಿ ಬೆಳೆಯಿತು. ಅದು ಮೊದಲು ಬೆಳೆಯುತ್ತಿದ್ದ ಜಾಗವನ್ನು ಯಾರಾದರೂ ಕಳೆ ಅಂತ ಚೊಕ್ಕ ಮಾಡಿದ್ದರೆ?

ಕಳೆಶತ್ರು
ಗೊತ್ತಾಯಿತು, ನನ್ನ ಕಡೆಗೇ ಬಿಟ್ಟ ಬಾಣ ಅದು 😄

ಲೆಕ್ಕದವ
ಬೀಜ ಉಳಿಸುವುದು ಬೇರೆ, ಹೊಲದಲ್ಲಿ ಕಲಸಿ ಬೆಳೆಯುವುದು ಬೇರೆ. ಬೀಜವನ್ನು ಬ್ಯಾಂಕಿನಲ್ಲಿ ಇಡಿ, ಯಾರು ಬೇಡ ಅಂದರು? ಕಲಸಿ ಬೆಳೆದರೆ ಲಾಭ ಅನ್ನುವುದಕ್ಕೆ ಒಂದು ಉದಾಹರಣೆ ಕೊಡಿ.

ಬೀಜದಬುಟ್ಟಿ
ಚೀನಾದ ಯುನ್ನಾನ್. 1998 ಮತ್ತು 1999ರಲ್ಲಿ ಸಾವಿರಾರು ರೈತರ ಹೊಲದಲ್ಲಿ ಮಾಡಿದ ಪ್ರಯೋಗ, 2000ನೇ ಇಸವಿಯಲ್ಲಿ ಪ್ರಕಟವಾಯಿತು. ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಅಂಟು ಭತ್ತದ ತಳಿಯನ್ನು ರೋಗ ತಡೆಯುವ ತಳಿಯ ಸಾಲುಗಳ ನಡುವೆ ನೆಟ್ಟರು. ಬರೀ ಅದನ್ನೇ ಬೆಳೆದ ಹೊಲಕ್ಕೆ ಹೋಲಿಸಿದರೆ ರೋಗದ ತೀವ್ರತೆ ಶೇ. 94 ಕಡಿಮೆ, ಆ ತಳಿಯ ಇಳುವರಿ ಶೇ. 89 ಜಾಸ್ತಿ. ಎರಡೂ ಭತ್ತವೇ, ಗಮನಿಸಿ. ಹತ್ತು ಬೆಳೆ ಕಲಸಿದ್ದಲ್ಲ, ಎರಡು ತಳಿ ಅಷ್ಟೆ. ರೋಗದ ಬೀಜಕಣ ಹಾರಿ ಬಂದು ಕೂತರೆ ಪಕ್ಕದ ಗಿಡ ಅದಕ್ಕೆ ಒಗ್ಗುವ ತಳಿಯಲ್ಲ. ಅಲ್ಲಿಗೆ ಅದರ ದಾರಿ ಮುಗಿಯಿತು.

ಲೆಕ್ಕದವ
ಕೊಯ್ದದ್ದು ಹೇಗೆ?

ಬೀಜದಬುಟ್ಟಿ
ಕೈಯಲ್ಲಿ. ಎರಡನ್ನೂ ಬೇರೆ ಬೇರೆಯಾಗಿ.

ಲೆಕ್ಕದವ
ಅದೇ ನಾನು ಹೇಳಿದ್ದು.

ಬೀಜದಬುಟ್ಟಿ
ಸರಿ, ಆ ಪಾಯಿಂಟ್ ನಿಮಗೆ. ಆದರೆ ಈ ಪ್ರಶ್ನೆ ಕೇಳಿದವರ ಜಮೀನಿಗೂ ದೊಡ್ಡ ಯಂತ್ರ ಹೋಗಲ್ಲ ಅಂತ ಹೆಸರಲ್ಲೇ ಇದೆ.

ಅತ್ತಿಮರ
ಸಂಖ್ಯೆ ಮುಖ್ಯ ಅಲ್ಲ, ಯಾರು ಯಾವ ಕೆಲಸ ಮಾಡುತ್ತಾರೆ ಅನ್ನುವುದು ಮುಖ್ಯ. ಕೆನ್ಯಾದಲ್ಲಿ ಮೆಕ್ಕೆಜೋಳದ ಕಾಂಡಕೊರಕಕ್ಕೆ ಕಂಡುಕೊಂಡ ಉಪಾಯ ನೋಡಿ. ಸಾಲಿನ ನಡುವೆ ಡೆಸ್ಮೋಡಿಯಂ ಅನ್ನುವ ಗಿಡ. ಅದರ ವಾಸನೆಗೆ ಕೊರಕದ ಪತಂಗ ಹತ್ತಿರ ಬರುವುದಿಲ್ಲ. ಹೊಲದ ಸುತ್ತ ನೇಪಿಯರ್ ಹುಲ್ಲು. ಪತಂಗ ಹೋಗಿ ಅದರ ಮೇಲೆ ಮೊಟ್ಟೆ ಇಡುತ್ತದೆ, ಆದರೆ ಮರಿಗಳು ಅಲ್ಲಿ ಹೆಚ್ಚು ಬದುಕುವುದಿಲ್ಲ. ಜೊತೆಗೆ ಡೆಸ್ಮೋಡಿಯಂ ದ್ವಿದಳ, ಮಣ್ಣಿಗೆ ಸಾರಜನಕ ಕೊಡುತ್ತದೆ. ಜೋಳದ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಕಳೆಯನ್ನೂ ಅಡಗಿಸುತ್ತದೆ. ಎರಡೇ ಗಿಡ, ನಾಲ್ಕು ಕೆಲಸ. ಏನೇನೋ ಇಪ್ಪತ್ತು ಜಾತಿ ತಂದು ಸುರಿದರೆ ಈ ಲಾಭ ಬರಲ್ಲ.

ಕಾಗಕ್ಕಗುಬ್ಬಕ್ಕ
ಚೀನಾ ಹೆಸರು ಬಂತಲ್ಲ, ಗುಬ್ಬಚ್ಚಿ ಕತೆ ಯಾರೂ ಹೇಳಲೇ ಇಲ್ಲ. 1958ರಲ್ಲಿ ಗುಬ್ಬಚ್ಚಿ ಕಾಳು ತಿನ್ನುತ್ತದೆ ಅಂತ ದೇಶಕ್ಕೆ ದೇಶವೇ ತಟ್ಟೆ ಬಡಿದು, ಕೂರಲು ಬಿಡದೆ ಕೊಂದರು. ಗುಬ್ಬಚ್ಚಿ ಮರಿಗೆ ಕೊಡುವುದು ಕಾಳಲ್ಲ, ಹುಳ. ಗುಬ್ಬಚ್ಚಿ ಹೋಯಿತು, ಹುಳ ಎದ್ದಿತು, ಬರಗಾಲದಲ್ಲಿ ಕೋಟ್ಯಂತರ ಜನ ಸತ್ತರು.

ಲೆಕ್ಕದವ
ನಿಲ್ಲಿಸಿ ಸ್ವಲ್ಪ. ಆ ಕ್ಷಾಮಕ್ಕೆ ಗುಬ್ಬಚ್ಚಿಯೊಂದೇ ಕಾರಣ ಅಲ್ಲ. ಸುಳ್ಳು ಇಳುವರಿ ಲೆಕ್ಕ, ಧಾನ್ಯದ ಬಲವಂತದ ವಸೂಲಿ, ಸಾಮೂಹಿಕ ಬೇಸಾಯದ ಗೊಂದಲ, ಹವಾಮಾನ, ಎಲ್ಲ ಸೇರಿದ್ದವು. ಗುಬ್ಬಚ್ಚಿ ಕೊಂದದ್ದು ಗಾಯದ ಮೇಲೆ ಬರೆ. 1960ರಲ್ಲಿ ಕೊಲ್ಲಬೇಕಾದ ಪೀಡೆಗಳ ಪಟ್ಟಿಯಿಂದ ಗುಬ್ಬಚ್ಚಿ ತೆಗೆದು ತಿಗಣೆ ಸೇರಿಸಿದರು ಅನ್ನುವುದು ಮಾತ್ರ ನಿಜ.

ಕಾಗಕ್ಕಗುಬ್ಬಕ್ಕ
ಸರಿ ಸರಿ, "ಒಂದು ಕಾರಣ" ಅಂತ ಓದಿಕೊಳ್ಳಿ. ನಿಮ್ಮ ಹೆಸರು ನಿಮಗೆ ಸರಿಯಾಗೇ ಇದೆ.

ಜೇನುಗೂಡು
ಜೇನುನೊಣ ಸತ್ತರೆ ಮನುಷ್ಯ ನಾಲ್ಕೇ ವರ್ಷ ಬದುಕುತ್ತಾನೆ ಅಂತ ಐನ್‌ಸ್ಟೀನ್ ಹೇಳಿದ್ದಾರೆ. ಇದಕ್ಕಿಂತ ಏನು ಬೇಕು?

ಲೆಕ್ಕದವ
ಐನ್‌ಸ್ಟೀನ್ ಹಾಗೆ ಹೇಳಿದ್ದಕ್ಕೆ ಆಧಾರವೇ ಇಲ್ಲ. ಭತ್ತ, ಗೋಧಿ, ಮೆಕ್ಕೆಜೋಳಕ್ಕೆ ಜೇನೇ ಬೇಡ.

ಅತ್ತಿಮರ
ಇಬ್ಬರೂ ಅರ್ಧ ಸರಿ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಬಿಇಎಸ್‌ನ 2016ರ ವರದಿ ಪ್ರಕಾರ ಮುಖ್ಯ ಆಹಾರ ಬೆಳೆಗಳಲ್ಲಿ ಶೇ. 75ಕ್ಕೂ ಹೆಚ್ಚು ಜಾತಿಗಳಿಗೆ ಪರಾಗ ಒಯ್ಯುವ ಜೀವಿಗಳು ಸ್ವಲ್ಪವಾದರೂ ಬೇಕು. ತೂಕದಲ್ಲಿ ನೋಡಿದರೆ ಆ ಬೆಳೆಗಳ ಪಾಲು ಸುಮಾರು ಶೇ. 35. ಹಾಗಾಗಿ ಹಸಿವಿನಿಂದ ಸಾಯುವುದಿಲ್ಲ, ಆದರೆ ಹಣ್ಣು, ತರಕಾರಿ, ಎಣ್ಣೆಕಾಳಿಗೆ ಏಟು ಬೀಳುತ್ತದೆ.

ಇನ್ನೊಂದು. ಜೇನುಪೆಟ್ಟಿಗೆ ಇಟ್ಟರೆ ಮುಗಿಯಿತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಟೊಮೆಟೊ, ಬದನೆ ಹೂವಿನ ಪರಾಗ ಒಂದು ಕೊಳವೆಯೊಳಗೆ ಇರುತ್ತದೆ, ಅದರ ತುದಿಯಲ್ಲಿ ಸಣ್ಣ ಕಿಂಡಿ. ಹೂವನ್ನು ತಬ್ಬಿ ರೆಕ್ಕೆಯ ಸ್ನಾಯು ನಡುಗಿಸಿದರೆ ಪರಾಗ ಚೆನ್ನಾಗಿ ಉದುರುತ್ತದೆ. ಜೇನುನೊಣಕ್ಕೆ ಆ ವಿದ್ಯೆ ಬರುವುದಿಲ್ಲ. ಮರಕೊರೆಯುವ ದಪ್ಪ ದುಂಬಿಗೆ, ನೀಲಿ ಪಟ್ಟೆಯ ಒಂಟಿ ಜೇನಿಗೆ ಬರುತ್ತದೆ. ಬೆಳಗ್ಗೆ ಬದನೆ ಹೂವಿನ ಹತ್ತಿರ ಸುಮ್ನೆ ನಿಂತುಕೊಳ್ಳಿ. ಹಾರುವಾಗ ಒಂದು ಸದ್ದು, ಹೂವಿಗೆ ಕೂತ ಕೂಡಲೇ ಬೇರೆಯೇ ಸ್ವರ, ಚುಚ್ಚಿದ ಹಾಗೆ "ಝೀಂ" ಅಂತ. ಅದೇ ಅದು. ಇವುಗಳ ಗೂಡು ನೆಲದ ತೂತಿನಲ್ಲಿ, ಒಣ ಕೊಂಬೆಯಲ್ಲಿ. ಎಲ್ಲಿ ಅಂತ ಹೇಳಬೇಕಾ? ಬದುವಿನಲ್ಲಿ.

ಹಾವಿನಭಯ
ಬದುವಿನಲ್ಲಿ ಹಾವೂ ಇರುತ್ತದೆ. ಅದನ್ನು ಯಾರೂ ಬರೆಯಲ್ಲ. ನನ್ನ ಹೊಲದ ವೈವಿಧ್ಯದಲ್ಲಿ ಹಂದಿ, ಇಲಿ, ನವಿಲು ಎಲ್ಲ ಇವೆ. ಬಿತ್ತಿದ ಬೀಜ ಮೊಳಕೆ ಬರುವ ಮೊದಲೇ ನವಿಲು ಹೆಕ್ಕಿಕೊಂಡು ಹೋಗುತ್ತದೆ.

ಕಳೆಶತ್ರು
👆 ಕೊನೆಗೂ ಒಬ್ಬರು ನಿಜ ಹೇಳಿದರು.

ಜೇಡರಬಲೆ
ಹಾವಿನಭಯ ಅವರೇ, ನಿಮ್ಮ ದೂರು ಸರಿಯಾಗಿದೆ. ಪೊದೆ ಬಿಟ್ಟರೆ ಎಲ್ಲರೂ ಬರುತ್ತಾರೆ, ಮಿತ್ರರಿಗೆ ಮಾತ್ರ ಚೀಟಿ ಕೊಡಲು ಆಗುವುದಿಲ್ಲ. ಓಡಾಡುವ ಕಡೆ ಹುಲ್ಲನ್ನು ಗೇಣುದ್ದಕ್ಕೆ ಕತ್ತರಿಸಿ ಇಡಿ, ದೂರದ ಬದುವಿನಲ್ಲಿ ಪೊದೆ ಇರಲಿ. ಎಲ್ಲ ಬದುವನ್ನೂ ಒಟ್ಟಿಗೆ ಕತ್ತರಿಸಬೇಡಿ. ಈ ತಿಂಗಳು ಒಂದು ಬದಿ, ಮುಂದಿನ ತಿಂಗಳು ಇನ್ನೊಂದು. ಹಂದಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಮಣ್ಣುಮುಟ್ಟಿ
ಎಲ್ಲರೂ ನೆಲದ ಮೇಲಿನದ್ದೇ ಮಾತಾಡುತ್ತಿದ್ದೀರಿ. ಅರ್ಧಎಕರೆ ಅವರೇ, ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಬದುವಿನ ಹುಲ್ಲಿನ ಬುಡದಿಂದ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ತೆಗೆಯಿರಿ. ವರ್ಷಕ್ಕೆ ನಾಲ್ಕು ಸಲ ಉಳುವ ಜಾಗದಿಂದ ಇನ್ನೊಂದು. ಎರಡನ್ನೂ ನೆರಳಲ್ಲಿ ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ನಿಧಾನವಾಗಿ ಇಳಿಬಿಡಿ. ನಾನು ಮಾಡಿದಾಗ ಉತ್ತ ಹೊಲದ್ದು ಗುಳ್ಳೆ ಬಿಡುತ್ತಾ ನಿಮಿಷದೊಳಗೆ ಕುಸಿದು ಕೆಸರಾಯಿತು. ಹುಲ್ಲಿನ ಬುಡದ್ದು ಅರ್ಧ ಗಂಟೆ ಕಳೆದರೂ ಹಾಗೇ ಕೂತಿತ್ತು, ನೀರೂ ತಿಳಿಯಾಗಿತ್ತು.

ಮಣ್ಣು ಒಂದೇ. ಹಿಡಿದಿಟ್ಟ ಅಂಟು ಬೇರೆ. ಜೀವಂತ ಬೇರು, ಬೇರಿಗೆ ಹೆಣೆದ ಮೈಕೊರೈಜಾ ಶಿಲೀಂಧ್ರದ ಎಳೆ, ಬ್ಯಾಕ್ಟೀರಿಯಾದ ಲೋಳೆ, ಎರೆಹುಳುವಿನ ಹಿಕ್ಕೆ, ಇವೇ ಆ ಅಂಟು. ಈ ಶಿಲೀಂಧ್ರ ಗಿಡದಿಂದ ಸಕ್ಕರೆ ತೆಗೆದುಕೊಂಡು, ಬೇರು ತಲುಪದ ಜಾಗದಿಂದ ರಂಜಕ ತಂದು ಕೊಡುತ್ತದೆ. ಉತ್ತಾಗಲೆಲ್ಲ ಎಳೆ ಕಡಿಯುತ್ತದೆ. ಡಾರ್ವಿನ್ 1881ರಲ್ಲಿ ಹಾಕಿದ ಲೆಕ್ಕದಲ್ಲಿ ಇಂಗ್ಲೆಂಡಿನ ಎಷ್ಟೋ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್‌ಗೂ ಹೆಚ್ಚು ಮಣ್ಣು ಎರೆಹುಳುವಿನ ಹೊಟ್ಟೆಯಿಂದ ಹಾದು ಬರುತ್ತದೆ. ನೇಗಿಲು ಬಾಡಿಗೆಗೆ ತರುವ ಮೊದಲು ಈ ಆಳುಗಳನ್ನು ನೆನೆಸಿಕೊಳ್ಳಿ.

ಲೆಕ್ಕದವ
ಉಳದೆ ಬೇಸಾಯ ಅಂತ ಹೇಳುವ ದೊಡ್ಡ ಜಮೀನುಗಳಲ್ಲಿ ಕಳೆ ಕೊಲ್ಲುವುದು ಕಳೆನಾಶಕದಿಂದಲೇ. ಇದನ್ನೂ ಹೇಳಿ.

ಮಣ್ಣುಮುಟ್ಟಿ
ಹೇಳುತ್ತೇನೆ. ಅದು ನಿಜ, ನನಗೂ ಅದು ಇಷ್ಟವಿಲ್ಲ. "ಪುನರುಜ್ಜೀವನ ಕೃಷಿ", ಅಂದರೆ ಮಣ್ಣಿಗೆ ಮತ್ತೆ ಜೀವ ತುಂಬುವ ಬೇಸಾಯ, ಅನ್ನುವ ಹಣೆಪಟ್ಟಿ ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು ಅನ್ನುವ ಹಾಗಾಗಿದೆ. ನನ್ನ ಅಳತೆ ಆ ಲೋಟದ ನೀರು.

ಬೇಲಿಸಾಲು
ಒಂದೇ ರಾತ್ರಿಯಲ್ಲಿ ಬದಲಾಯಿಸಲು ಹೋಗಬೇಡಿ ಅಂತಲೂ ಹೇಳಿ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ಏಕಾಏಕಿ ನಿಲ್ಲಿಸಿತು, ಅದೇ ವರ್ಷ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ಭತ್ತ, ಟೀ ಎರಡೂ ಏಟು ತಿಂದವು. ಮಣ್ಣಿನ ಜೀವ ಆದೇಶ ಓದಿ ಎದ್ದು ಬರುವುದಿಲ್ಲ.

ಹೊಸಬ
ಗುಲಗಂಜಿ ಹುಳು ಕೊಂಡು ತಂದು ಬಿಟ್ಟರೆ ಆಗಲ್ವಾ? ಬದು ಬೆಳೆಯುವ ತನಕ ಕಾಯುವುದೇ ಬೇಡ.

ಅತ್ತಿಮರ
ಒಮ್ಮೆ ಅದ್ಭುತವಾಗಿ ಆಗಿದೆ. 1880ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಆಸ್ಟ್ರೇಲಿಯಾದಿಂದ ಬಂದ ಒಂದು ಬಿಳಿ ಶಲ್ಕ ಕೀಟಕ್ಕೆ ಹಾಳಾಗುತ್ತಿದ್ದವು. ಅಲ್ಲಿಂದಲೇ ಅದನ್ನು ತಿನ್ನುವ ವೆಡಾಲಿಯಾ ಗುಲಗಂಜಿ ತಂದು ಬಿಟ್ಟರು. ಒಂದೆರಡು ವರ್ಷದಲ್ಲಿ ಕೀಟ ಹತೋಟಿಗೆ ಬಂತು. ಅದು ಹೆಚ್ಚುಕಡಿಮೆ ಆ ಕೀಟವನ್ನೇ ತಿನ್ನುವ ಹುಳು, ಅದಕ್ಕೇ ಕೆಲಸ ಆಯಿತು. 1935ರಲ್ಲಿ ಕಬ್ಬಿನ ದುಂಬಿ ತಿನ್ನಲಿ ಅಂತ ಆಸ್ಟ್ರೇಲಿಯಾಕ್ಕೆ ಕಬ್ಬಿನ ಕಪ್ಪೆ ತಂದರು. ಅದು ದುಂಬಿ ಬಿಟ್ಟು ಉಳಿದದ್ದೆಲ್ಲ ತಿಂದಿತು, ತನ್ನ ವಿಷದಿಂದ ತನ್ನನ್ನು ತಿಂದವರನ್ನೂ ಕೊಂದಿತು. ಇವತ್ತಿಗೂ ತೊಲಗಿಲ್ಲ. ನಿಮ್ಮ ಹೊಲಕ್ಕೆ ಗುಲಗಂಜಿ ತಂದು ಬಿಟ್ಟರೆ ಅಪಾಯ ಏನಿಲ್ಲ, ಹಾರಿ ಹೋಗುತ್ತವೆ ಅಷ್ಟೆ. ಹೂವಿಲ್ಲ, ಆಸರೆ ಇಲ್ಲ, ಯಾಕೆ ನಿಲ್ಲಬೇಕು?

ಚುಕ್ಕಿಚಿಟ್ಟೆ
ಒಂದು ನಿಮಿಷ. ಇಷ್ಟು ಜನ ಇಷ್ಟೆಲ್ಲ ಬರೆದಿರಿ, ಯಾರೂ ಪ್ರಶ್ನೆ ಪೂರ್ತಿ ಓದಲೇ ಇಲ್ವಾ?

ಅರ್ಧಎಕರೆ ಅವರೇ, ನೀವು ಹೊಸಕುತ್ತಿದ್ದೀರಲ್ಲ ಆ ಕಪ್ಪು ಹುಳು. ಉದ್ದಕ್ಕೆ, ಚಿಕ್ಕ ಮೊಸಳೆ ಮರಿ ಹಾಗೆ ಇದೆಯಾ? ಆರು ಕಾಲು ಎದ್ದು ಕಾಣುತ್ತದಾ? ಮೈಯೆಲ್ಲ ಸಣ್ಣ ಮುಳ್ಳು?

ಅರ್ಧಎಕರೆ
ಹೌದು ಮೇಡಂ. ಅದೇ. ಬೇಗ ಓಡುತ್ತದೆ.

ಚುಕ್ಕಿಚಿಟ್ಟೆ
ಅದು ಗುಲಗಂಜಿ ಹುಳುವಿನ ಮರಿ.

ಜೇಡರಬಲೆ
ಅಯ್ಯೋ ದೇವರೇ. ನಾನೇ ಮೊದಲು ಹೇಳಬೇಕಿತ್ತು. ಹೇನಿನ ಮಾತಿನ ತನಕ ಓದಿ ಮುಂದೆ ಹೋಗಿಬಿಟ್ಟೆ.

ಅರ್ಧಎಕರೆ
ಕಡಿಮೆ ಅಂದರೂ ಐವತ್ತು ಹೊಸಕಿದ್ದೇನೆ. ದಿನಾ ಬೆಳಗ್ಗೆ ಎದ್ದು ಅದೇ ಕೆಲಸ. ಹೆಂಡತಿಯನ್ನೂ ಕರೆದುಕೊಂಡು ಹೋಗಿ ಹೊಸಕಿಸಿದ್ದೇನೆ.

ಕಳೆಶತ್ರು
ನಗಬಾರದು, ಆದರೂ ನಗು ಬಂತು, ಕ್ಷಮಿಸಿ. ನಾನೂ ಅದನ್ನು ಎಲೆ ತಿನ್ನುವ ಹುಳ ಅಂತಲೇ ಅಂದುಕೊಂಡಿದ್ದೆ. ಎಷ್ಟು ಸಲ ಕೊಂದಿದ್ದೇನೋ.

ಚುಕ್ಕಿಚಿಟ್ಟೆ
ಬೇಜಾರಾಗಬೇಡಿ. ಔಷಧಿ ಹೊಡೆದ ಮೇಲೂ ಮರಿ ಇವೆ ಅಂದರೆ ಎಲ್ಲಿಂದಲೋ ಬಂದು ಮೊಟ್ಟೆ ಇಟ್ಟಿವೆ. ಎಲೆಯ ಕೆಳಗೆ ಹಳದಿ ಮೊಟ್ಟೆಗಳು ಒತ್ತಾಗಿ ನೆಟ್ಟಗೆ ನಿಂತಿರುತ್ತವೆ, ಅವನ್ನೂ ಮುಟ್ಟಬೇಡಿ. ಇನ್ನು ಎರಡು ವಾರ ಔಷಧಿ ಬೇಡ. ತುಂಬಾ ಹೇನು ಹತ್ತಿದ ಕುಡಿಯನ್ನು ಮಾತ್ರ ನೀರು ಜೋರಾಗಿ ಹಾಯಿಸಿ ತೊಳೆಯಿರಿ. ಇರುವೆ ಸಾಲು ಇದ್ದರೆ ಬುಡದಲ್ಲೇ ತಡೆಯಿರಿ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಗುಲಗಂಜಿಯನ್ನು ಓಡಿಸುತ್ತದೆ. ಖಾಲಿ ಬದುವಿನಲ್ಲಿ ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ ಚೆಲ್ಲಿ, ಕೀಳದೆ ಹೂವಿಗೆ ಬಿಡಿ. ಆ ಸಣ್ಣ ಹೂವುಗಳಲ್ಲಿ ಮಕರಂದ ಮೇಲೇ ಇರುತ್ತದೆ, ಪುಟ್ಟ ಕಣಜಕ್ಕೂ ಸಿಗುತ್ತದೆ.

ಅರ್ಧಎಕರೆ
(ಹದಿನೆಂಟು ದಿನದ ನಂತರ)
ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಔಷಧಿ ಹೊಡೆಯಲಿಲ್ಲ. ಮೊದಲ ವಾರ ನಿದ್ದೆ ಬರಲಿಲ್ಲ, ಹೇನು ಇನ್ನೂ ಹೆಚ್ಚಿತು. ಎರಡು ಸಾಲು ಪೂರ್ತಿ ಹೋಯಿತು, ಸುಳ್ಳು ಹೇಳಲ್ಲ. ಮಿಕ್ಕ ಸಾಲುಗಳಲ್ಲಿ ಈಗ ಹೂ ಬಿಡುತ್ತಿದೆ. ಜೇಡರಬಲೆ ಅವರು ಹೇಳಿದ ಕಂದು ಉಬ್ಬಿದ ಹೇನು ಒಂದೇ ಎಲೆಯಲ್ಲಿ ಹದಿನಾಲ್ಕು ಎಣಿಸಿದೆ. ಒಂಬತ್ತಕ್ಕೆ ತೂತು ಇತ್ತು. ಲೋಟದ ಪರೀಕ್ಷೆಯನ್ನೂ ಮಾಡಿದೆ, ಎರಡೂ ಲೋಟ ಕೆಸರು. ಬದುವಿನ ಮಣ್ಣೂ ಹೊಲದ ಮಣ್ಣಿನ ಹಾಗೇ ಆಗಿದೆ.

ಲೆಕ್ಕದವ
ಎರಡು ಸಾಲು ಹೋಯಿತು ಅಂತ ಬರೆದದ್ದಕ್ಕೆ ಧನ್ಯವಾದ. ಸಾಮಾನ್ಯವಾಗಿ ಅದನ್ನು ಯಾರೂ ಬರೆಯುವುದಿಲ್ಲ.

ಬೇಲಿಸಾಲು
ಆ ಹಳದಿ ಹೂವಿನ ಗಿಡ ಯಾವುದು ಅಂತ ಗೊತ್ತಾಯಿತಾ?

ಅರ್ಧಎಕರೆ
ಹೆಸರು ಇನ್ನೂ ಗೊತ್ತಿಲ್ಲ. ನನ್ನ ಬದುವಿನಲ್ಲಿ ಒಂದೂ ಉಳಿದಿಲ್ಲ. ಪಕ್ಕದವರ ಮೂಲೆಯಲ್ಲಿ ಎರಡು ಗಿಡ ಇವೆ, ಬೀಜ ಬಲಿಯಲಿ ಅಂತ ಕಾಯುತ್ತಿದ್ದೇನೆ. ಅವರು ನಾಳೆ ಕಳೆ ತೆಗೆಸುತ್ತಾರಂತೆ. ಇವತ್ತು ಸಂಜೆ ಹೋಗಿ ಕೇಳಬೇಕು. ಪಾಳು ಬಿಟ್ಟಿದ್ದೀಯಾ ಅಂತ ಮೊದಲು ಕೇಳಿದವರೇ ಅವರು.